ಕೆಳಗಿನ ಕಸ ಕ್ರಾಪ್ ಮಾಡಿ

ಇದನ್ನು ಬರೆಯಲು ಆ ಹಿರಿಯರ ಒಪ್ಪಿಗೆ ತೆಗೆದುಕೊಂಡಿದ್ದೇನೆ. ವಯಸ್ಸು, ಕೆಲಸ, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಫೋಟೋ ತೆಗೆದ ಊರನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಅದನ್ನೂ ಬದಲಿಸಿದರೆ ವಿಷಯವೇ ಅರ್ಥವಾಗುವುದಿಲ್ಲ.

ಅವರು ಆಪ್ತಸಲಹೆಗೆ ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು 58, ಬ್ಯಾಂಕಿನಲ್ಲಿದ್ದವರು, ಮೂವತ್ತು ವರ್ಷದಿಂದ ಹಕ್ಕಿಗಳ ಫೋಟೋ ತೆಗೆಯುತ್ತಿದ್ದಾರೆ. ಅವರದ್ದೊಂದು ಫೋಟೋಗ್ರಫಿ ಬಳಗ ಇದೆ. ತಿಂಗಳಿಗೊಮ್ಮೆ ಸೇರಿ, ಎಲ್ಲರ ಫೋಟೋಗಳನ್ನೂ ಪರದೆ ಮೇಲೆ ಹಾಕಿ, ಒಬ್ಬರದ್ದನ್ನು ಇನ್ನೊಬ್ಬರು ನೋಡಿ ಅಭಿಪ್ರಾಯ ಹೇಳುತ್ತಾರೆ. ಹಿಂದಿನ ತಿಂಗಳು ಒಬ್ಬ ಹುಡುಗಿ, ಬಳಗಕ್ಕೆ ಹೊಸಬಳು, ಕೊಕ್ಕರೆಬೆಳ್ಳೂರಿನಲ್ಲಿ ತೆಗೆದ ಹೆಜ್ಜಾರ್ಲೆಯ (ಪೆಲಿಕನ್) ಫೋಟೋ ಹಾಕಿದ್ದಳು. ಇವರು ಎದ್ದು ನಿಂತು ಏಳು ತಪ್ಪು ಹೇಳಿದರು. ಬೆಳಕು ಹೆಚ್ಚಾಗಿ ಹಕ್ಕಿಯ ಬೆನ್ನಿನ ಬಿಳಿ ಸುಟ್ಟುಹೋಗಿದೆ, ರೆಕ್ಕೆ ಅಲುಗಿದೆ, ಕಣ್ಣು ಶಾರ್ಪ್ ಇಲ್ಲ, ಕೊಂಬೆ ಅಡ್ಡ ಬಂದಿದೆ, ಹೀಗೇ. ಕೊನೆಗೆ 'ಕೆಳಗಿನ ಕಸ ಎಲ್ಲ ಕ್ರಾಪ್ ಮಾಡಿ, ಆಮೇಲೆ ಏನಾದರೂ ಉಳಿದರೆ ನೋಡೋಣ. ಟೆಲಿ ಲೆನ್ಸ್ ಇಲ್ಲದೆ ಹಕ್ಕಿ ಫೋಟೋಗೆ ಕೈ ಹಾಕಬಾರದು' ಅಂದರು. ಟೆಲಿ ಲೆನ್ಸ್ ಅಂದರೆ ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ದುಬಾರಿ ಲೆನ್ಸ್. ಇಪ್ಪತ್ತು ಜನ ಕೂತಿದ್ದರು. ಕೆಲವರು ನಕ್ಕರು. ಆ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದವಳು ಮತ್ತೆ ಬರಲಿಲ್ಲ. ಸ್ವಲ್ಪ ದಿನದ ಮೇಲೆ ಬಳಗದವರು ಇವರಿಗೇ ಫೋನ್ ಮಾಡಿ, 'ಸರ್, ಇನ್ನು ಸ್ವಲ್ಪ ದಿನ ನೀವು ಅಭಿಪ್ರಾಯ ಹೇಳೋದು ಬೇಡ' ಅಂದರಂತೆ.

'ನಾನು ಹೇಳಿದ್ದರಲ್ಲಿ ಒಂದಾದರೂ ಸುಳ್ಳಾ ಮೇಡಂ?' ಅಂತ ಕೇಳಿದರು. 'ಎಲ್ಲರ ಹಾಗೆ ಸೂಪರ್, ಅದ್ಭುತ ಅಂತ ಹೇಳಿ ಕೂರಬೇಕಿತ್ತಾ? ಅದರಿಂದ ಯಾರು ಕಲಿತಿದ್ದಾರೆ?'

ಈ ಮಾತಿಗೆ ನಾನು ಎದುರು ಹೇಳಲಿಲ್ಲ. ನನಗೂ ಹಾಗೇ ಅನಿಸುತ್ತದೆ. ಬರೀ ಸೂಪರ್ ಅನ್ನುವುದೂ ಒಂದು ರೀತಿ ಕೈತೊಳೆದುಕೊಳ್ಳುವುದೇ. ಫೋಟೋ ನೋಡುವ ಶ್ರಮ ಬೇಡ, ಮನಸ್ತಾಪ ಬೇಡ, ಒಂದು ಹೊಗಳಿಕೆ ಬಿಸಾಕಿ ಮುಂದೆ ಹೋಗುವುದು. ಇವರು ಹಾಗಲ್ಲ. ಇವರಿಗೆ ನಿಜವಾಗಿ ಆ ಹುಡುಗಿ ಕಲಿಯಲಿ ಅಂತಲೇ ಇತ್ತು. ನಿದ್ದೆ ಕೆಟ್ಟಿದ್ದೂ ಅದಕ್ಕೇ.

ಆ ಫೋಟೋ ನಿಮ್ಮ ಹತ್ತಿರ ಇದೆಯಾ ಅಂತ ಕೇಳಿದೆ. ಫೋನಿನಲ್ಲಿತ್ತು. ಎರಡು ನಿಮಿಷ ನೋಡಿ, ಅದರಲ್ಲಿ ಏನೇನಿದೆ ಅಂತ ನನಗೆ ಹೇಳಿ ಅಂದೆ. 'ಹೈಲೈಟ್ ಹೋಗಿದೆ, ಬಿಳಿ ಸುಟ್ಟಿದೆ' ಅಂತ ಶುರು ಮಾಡಿದರು. ಅದು ತೀರ್ಪು ಸರ್, ನನಗೆ ಕಣ್ಣು ಕಾಣಲ್ಲ ಅಂದುಕೊಳ್ಳಿ, ಬರೀ ಕಂಡದ್ದು ಹೇಳಿ ಅಂದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನಕ್ಕೆ ಒಂದೊಂದೇ ಬಂತು.

'ಹುಣಸೆಮರ. ಒಂದು ಹೆಜ್ಜಾರ್ಲೆ ಇಳೀತಾ ಇದೆ, ಕಾಲು ಮುಂದಕ್ಕೆ ಚಾಚಿದೆ. ಗೂಡಲ್ಲಿ ಎರಡು ಮರಿ, ಕೊಕ್ಕು ಮೇಲೆತ್ತಿವೆ. ಕೆಳಗೆ ಹೆಂಚಿನ ಮನೆ. ಹಗ್ಗದ ಮೇಲೆ ಸೀರೆ ಒಣಗಿಹಾಕಿದ್ದಾರೆ. ಒಬ್ಬ ಅಜ್ಜಿ...'

ಅಲ್ಲಿಗೆ ನಿಲ್ಲಿಸಿದರು. ಫೋಟೋ ದೊಡ್ಡದು ಮಾಡಿ ನೋಡಿದರು. ಸೀರೆಯ ಹಿಂದೆ ಒಬ್ಬ ಅಜ್ಜಿ ಹಣೆಗೆ ಕೈ ಅಡ್ಡ ಇಟ್ಟುಕೊಂಡು ಮೇಲೆ, ಆ ಹಕ್ಕಿಯನ್ನೇ ನೋಡುತ್ತಿದ್ದರು. ಹಕ್ಕಿಯ ರೆಕ್ಕೆ ಹೇಗೆ ಬಾಗಿತ್ತೋ ಅಜ್ಜಿಯ ಮೊಣಕೈಯೂ ಹಾಗೇ ಬಾಗಿತ್ತು. 'ಈ ಅಜ್ಜಿಯನ್ನ ನಾನು ನೋಡೇ ಇರಲಿಲ್ಲ' ಅಂದರು.

ಅವರು ಕಸ ಅಂದಿದ್ದು ಇದನ್ನೇ.

ಮದ್ದೂರು ತಾಲ್ಲೂಕಿನ ಆ ಊರಿಗೆ ಹೋದವರಿಗೆ ಗೊತ್ತಿರುತ್ತದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಜನರ ಹಿತ್ತಲಿನ ಮರಗಳಲ್ಲಿ. ಹುಣಸೆ ಬೆಳೆ ಕೈತಪ್ಪಿದರೂ ಊರವರು ಹಕ್ಕಿಗಳನ್ನು ಓಡಿಸುವುದಿಲ್ಲ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದ್ದೂ ಇದೇ ಕಾರಣಕ್ಕೆ, ಹಕ್ಕಿ ಮತ್ತು ಊರು ಒಟ್ಟಿಗೆ ಬದುಕುತ್ತಿವೆ ಅಂತ. ಆ ಹುಡುಗಿ ಟೆಲಿ ಲೆನ್ಸ್ ಇಲ್ಲದೆ ನಿಂತ ದೂರದಿಂದ ಅದು ಒಂದೇ ಚೌಕಟ್ಟಿನಲ್ಲಿ ಸಿಕ್ಕಿತ್ತು. 600 ಎಂಎಂನ ಟೆಲಿ ಲೆನ್ಸ್ ಇದ್ದಿದ್ದರೆ ಹಕ್ಕಿ ಮಾತ್ರ ಸಿಗುತ್ತಿತ್ತು, ಅಜ್ಜಿ ಸಿಗುತ್ತಿರಲಿಲ್ಲ.

ಮುಂದಿನ ವಾರ ಅವರು ತಾವಾಗಿಯೇ ಒಂದು ಹಾಳೆ ತಂದಿದ್ದರು. ಸ್ಪರ್ಧೆಗಳಲ್ಲಿ ನೇಚರ್ ವಿಭಾಗಕ್ಕೆ ಮನುಷ್ಯರ ಗುರುತು ಇರಬಾರದು ಅನ್ನುವ ನಿಯಮ ಅವರ ತಲೆಯಲ್ಲಿ ಕೂತಿತ್ತು, 'ಕಸ' ಅನ್ನುವ ಮಾತು ಬಂದಿದ್ದೂ ಅಲ್ಲಿಂದಲೇ. ಎಫ್‌ಐಎಪಿ, ಪಿಎಸ್‌ಎ, ಆರ್‌ಪಿಎಸ್ ಅನ್ನುವ ಮೂರು ಫೋಟೋಗ್ರಫಿ ಸಂಸ್ಥೆಗಳು ಸೇರಿ ಒಪ್ಪಿಕೊಂಡ ನೇಚರ್ ಫೋಟೋದ ವ್ಯಾಖ್ಯೆಯನ್ನು ಪೂರ್ತಿ ಓದಿ ನೋಡಿದರಂತೆ. ಅದರಲ್ಲೇ ಒಂದು ವಿನಾಯಿತಿ ಇತ್ತು. ಮನುಷ್ಯ ಬದಲಿಸಿದ ಪರಿಸರಕ್ಕೆ ಹೊಂದಿಕೊಂಡ ಜೀವಿಗಳ ಕಥೆಗೆ ಬೇಕಾದರೆ ಮನುಷ್ಯರ ಗುರುತು ಇರಬಹುದು ಅಂತ. ಉದಾಹರಣೆಗೆ ಕೊಟ್ಟಿದ್ದ ಹೆಸರುಗಳಲ್ಲಿ ಒಂದು, ಕೊಕ್ಕರೆ.

ಅವತ್ತು ನಾನು ಕೇಳಿದ್ದು ಒಂದೇ, ನಿಮಗೆ ಫೋಟೋ ತೆಗೆಯೋದು ಕಲಿಸಿದವರು ಯಾರು? ಅಣ್ಣ, ಅಂದರು. ಚಿಕ್ಕ ಊರಲ್ಲಿ ಅಣ್ಣನ ಸ್ಟುಡಿಯೋ ಇತ್ತು, ಶಾಲೆ ಮುಗಿಸಿ ಇವರು ಅಲ್ಲೇ ಇರುತ್ತಿದ್ದರು. ಪ್ರಿಂಟ್ ಕೆಟ್ಟರೆ ಅಣ್ಣ ಎಲ್ಲರೆದುರೂ ಬೈಯುತ್ತಿದ್ದ, ಕೆಂಪು ಪೆನ್ಸಿಲ್ಲಿಂದ ಗೀಟು ಎಳೆಯುತ್ತಿದ್ದ. 'ಬೈಸಿಕೊಂಡೇ ಕಲಿತೆ ಮೇಡಂ, ನನಗೇನೂ ಆಗಲಿಲ್ಲವಲ್ಲ.'

ಬೈದ ಮೇಲೆ ಅಣ್ಣ ಏನು ಮಾಡ್ತಿದ್ರು?

ಇದಕ್ಕೆ ಉತ್ತರ ಬರಲು ಸಮಯ ಹಿಡಿಯಿತು. ಬೈದು ಮುಗಿಸಿ, ರಾತ್ರಿ ಅಂಗಡಿ ಬಾಗಿಲು ಎಳೆದ ಮೇಲೆ, ಅಣ್ಣ ಇವರನ್ನು ಫೋಟೋ ತೊಳೆಯುವ ಡಾರ್ಕ್ ರೂಮಿಗೆ ಕರೆದುಕೊಂಡು ಹೋಗುತ್ತಿದ್ದನಂತೆ. ಕೆಂಪು ಬಲ್ಬು, ಹೈಪೋ ರಾಸಾಯನಿಕದ ವಾಸನೆ. ನೆಗೆಟಿವ್ ದೊಡ್ಡದು ಮಾಡಿ ಬೀಳಿಸುವ ಎನ್ಲಾರ್ಜರ್ ಕೆಳಗೆ ಹೊಸ ಪೇಪರ್ ಇಟ್ಟು, ಮುಖ ಕಪ್ಪಾಗುವ ಕಡೆ ಬೆಳಕು ಕಡಿಮೆ ಬೀಳಲಿ ಅಂತ ಇವರ ಕೈ ಹಿಡಿದು ಬೆರಳುಗಳನ್ನು ಅಡ್ಡ ತಂದು ಮೆಲ್ಲಗೆ ಅಲ್ಲಾಡಿಸುತ್ತಿದ್ದ. ಬಾಯಲ್ಲಿ ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದ. ಅದೇ ಫೋಟೋ, ಅದೇ ರಾತ್ರಿ, ಸರಿಯಾಗುವ ತನಕ. ಇದನ್ನು ಹೇಳುವಾಗ ಅವರ ಕೈ ನನ್ನ ಮೇಜಿನ ಮೇಲೆ ಹಾಗೇ ಅಲ್ಲಾಡುತ್ತಿತ್ತು.

ನೀವು ಬಳಗಕ್ಕೆ ತಂದಿದ್ದು ಕೆಂಪು ಪೆನ್ಸಿಲ್ ಮಾತ್ರ ಸರ್, ಅಂದೆ. ಡಾರ್ಕ್ ರೂಮ್ ತರಲಿಲ್ಲ.

ಆಮೇಲೆ ಕೊಟ್ಟ ಸಲಹೆಗಳು ತೀರಾ ಸರಳ. ಮೊದಲು ಕಂಡದ್ದು ಹೇಳಿ. ತೆಗೆದವರನ್ನು 'ಇಲ್ಲಿ ಏನನ್ನ ಹಿಡಿಯೋಕೆ ಹೊರಟಿದ್ರಿ?' ಅಂತ ಕೇಳಿ, ಉತ್ತರ ಬರುವ ತನಕ ಕ್ರಾಪ್ ಮಾತು ಬೇಡ. ಅವರು ಹೊರಟ ದಾರಿಗೆ ಅಡ್ಡ ಬಂದಿದ್ದು ಯಾವುದೋ ಅದೊಂದನ್ನು ಆರಿಸಿ, ಏಳನ್ನಲ್ಲ. ಆ ಒಂದಕ್ಕೂ ಮುಂದಿನ ಸಲ ಕೈಯಲ್ಲಿ ಮಾಡಬಹುದಾದ ಕೆಲಸ ಹೇಳಿ. 'ಶಾರ್ಪ್ ಇಲ್ಲ' ಅನ್ನುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. 'ಶಟರ್ ಸ್ಪೀಡ್ 1/200 ಸೆಕೆಂಡ್ ಇತ್ತು, ಇಳಿಯುವ ಹಕ್ಕಿಗೆ 1/1600ಕ್ಕೆ ಏರಿಸಿ ನೋಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಜಾಸ್ತಿ ಆದರೂ ಪರವಾಗಿಲ್ಲ' ಅಂದರೆ ಸಿಗುತ್ತದೆ. ಬಿಳಿ ಸುಡದ ಹಾಗೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ ಅಂದರೂ ಸಿಗುತ್ತದೆ. ರುಚಿಯ ವಿಷಯಕ್ಕೆ 'ನನಗೆ' ಅನ್ನುವ ಪದ ಸೇರಿಸಿ. ಲೆನ್ಸಿನ ಬೆಲೆಯ ಮಾತು ಬೇಡವೇ ಬೇಡ, ಯಾರ ಮನೆಯ ಕಷ್ಟ ಏನಿದೆಯೋ ನಮಗೆ ಗೊತ್ತಿರುವುದಿಲ್ಲ.

ಅವರೇ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಗೂಡಿನ ಮುಂದಿನ ಎಲೆ ಕಿತ್ತು ಮರಿಗಳ ಫೋಟೋ ತೆಗೆದಿದ್ದರೆ ಆಗಲೂ ಹೀಗೇ ನಯವಾಗಿ ಮಾತಾಡಬೇಕಾ? ಇಲ್ಲ. ಅದು ಹಕ್ಕಿಯ ಜೀವದ ಮಾತು. ಮರೆ ಹೋದರೆ ಮರಿಗಳು ಬಿಸಿಲಿಗೂ ಕಾಗೆಗೂ ಸಿಕ್ಕಿಬೀಳುತ್ತವೆ. ಅವತ್ತೇ, ನೇರವಾಗಿ, ಗಟ್ಟಿಯಾಗಿ ಹೇಳಿ ಅಂದೆ. ಆದರೆ ಪಕ್ಕಕ್ಕೆ ಕರೆದು ಹೇಳಿ.

ಕ್ಷಮೆ ಕೇಳುವ ಮೆಸೇಜು ಬರೆಯಲು ಮಾತ್ರ ಒಂದಿಡೀ ಭೇಟಿ ಹೋಯಿತು. ಮೊದಲನೆಯದರಲ್ಲಿ 'ಬೇಜಾರಾಗಿದ್ದರೆ ಕ್ಷಮಿಸಿ' ಅಂತಿತ್ತು. ಆ 'ಆಗಿದ್ದರೆ' ತೆಗೆಸಿದೆ. ಎರಡನೆಯದರಲ್ಲಿ ತಮ್ಮ ಮೂವತ್ತು ವರ್ಷದ ಅನುಭವ ಬಂದಿತ್ತು, ಅದನ್ನು ಅವರೇ ಹೊಡೆದು ಹಾಕಿದರು. ಕೊನೆಗೆ ಕಳಿಸಿದ್ದು ಇಷ್ಟು: 'ನಿಮ್ಮ ಫೋಟೋವನ್ನು ನಾನು ನೋಡದೆ ಮಾತಾಡಿದೆ. ಅಜ್ಜಿಯನ್ನು ಈಗ ನೋಡಿದೆ. ಎಲ್ಲರೆದುರು ಹಾಗೆ ಹೇಳಿದ್ದು ತಪ್ಪು. ಕ್ಷಮಿಸಿ. ಅದನ್ನು ಕ್ರಾಪ್ ಮಾಡಬೇಡಿ.' ಉತ್ತರ ಬರಲೇಬೇಕು ಅಂತ ಕಾಯಬೇಡಿ ಅಂತಲೂ ಹೇಳಿದ್ದೆ. ನೋವು ಆಕೆಯದ್ದು, ಎಷ್ಟು ದಿನ ಬೇಕೋ ಆಕೆಗೇ ಗೊತ್ತು. ಮುಂದಿನ ತಿಂಗಳ ಸಭೆಯಲ್ಲಿ, ಆ ಇಪ್ಪತ್ತು ಜನರೆದುರೇ, ಅದೇ ತಪ್ಪು ಒಪ್ಪಿಕೊಂಡರು.

ಎಂಟು ದಿನಕ್ಕೆ ಉತ್ತರ ಬಂತು. 'ಅದು ನಮ್ಮಜ್ಜಿ ಸರ್. ರೆಕ್ಕೆ ಅಲುಗದ ಹಾಗೆ ತೆಗೆಯೋಕೆ ಏನು ಮಾಡಬೇಕಿತ್ತು?'

ಆಕೆ ಬಳಗಕ್ಕೆ ಇನ್ನೂ ವಾಪಸ್ ಬಂದಿಲ್ಲ. ಇವರಿಗೆ ಮಾತ್ರ ಆಗಾಗ ಒಂದೊಂದು ಫೋಟೋ ಕಳಿಸುತ್ತಾಳೆ. ಕೊನೆಯ ಭೇಟಿಗೆ ಬಂದಾಗ ಅಂಥದ್ದೊಂದು ಬಂದಿತ್ತು, ಇನ್ನೂ ಉತ್ತರ ಬರೆದಿರಲಿಲ್ಲ. 'ಬೆಳಗ್ಗೆಯಿಂದ ನೋಡ್ತಾ ಇದ್ದೀನಿ ಮೇಡಂ' ಅಂದರು.