ಪ್ಯಾಡ್‌ಗೆ ಜಿಎಸ್‌ಟಿ ಇಲ್ಲ, ಕಚ್ಚಾಮಾಲಿಗೆ ಕಟ್ಟಿದ್ದು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ಮಹಿಳಾ ಸಂಘದಲ್ಲಿ ಸ್ಯಾನಿಟರಿ ಪ್ಯಾಡ್ ತಯಾರಿಸುತ್ತೇವೆ. ಪ್ಯಾಡ್‌ಗೆ ತೆರಿಗೆ ಇಲ್ಲ ಅನ್ನುತ್ತಾರೆ. ಆದರೆ ಸಾಮಾನು ತರಿಸಿದಾಗಲೆಲ್ಲ ಬಿಲ್‌ನಲ್ಲಿ ಜಿಎಸ್‌ಟಿ ಇರುತ್ತದೆ. ಅದು ವಾಪಸ್ ಸಿಗುತ್ತದೆಯೇ? ನೋಂದಣಿ ಮಾಡಿಸಬೇಕೇ?

ಉತ್ತರ: ವಾಪಸ್ ಸಿಗುವುದಿಲ್ಲ. 2017ರ ಜುಲೈನಲ್ಲಿ ಪ್ಯಾಡ್ ಮೇಲೆ ಶೇ 12 ಜಿಎಸ್‌ಟಿ ಇತ್ತು. 2018ರ ಜುಲೈ 27ರಿಂದ ಪ್ಯಾಡ್, ಟ್ಯಾಂಪೂನ್ ಎರಡಕ್ಕೂ ಪೂರ್ತಿ ವಿನಾಯಿತಿ ಬಂತು. ವಿನಾಯಿತಿ ಇರುವ ಮಾಲಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಇಲ್ಲ. ದ್ರವ ಹೀರುವ ಪಾಲಿಮರ್, ಪ್ಲಾಸ್ಟಿಕ್ ಹಾಳೆ, ಅಂಟು ಇವಕ್ಕೆ ಶೇ 18 ಕಟ್ಟಿರುತ್ತೀರಿ. ಒಂದು ಲಕ್ಷದ ಮಾಲು ತಂದರೆ 18,000 ರೂಪಾಯಿ ನಿಮ್ಮ ಖರ್ಚಿಗೇ ಸೇರುತ್ತದೆ. ಪ್ಯಾಡ್ ಮೇಲೆ ಕಡಿಮೆ ದರದ ತೆರಿಗೆಯಾದರೂ ಇದ್ದಿದ್ದರೆ ಹೆಚ್ಚುವರಿ ಕ್ರೆಡಿಟ್‌ನ ಮರುಪಾವತಿ ಕೇಳಬಹುದಿತ್ತು. ಶೂನ್ಯವಾದಾಗ ಆ ದಾರಿಯೂ ಮುಚ್ಚಿತು. ಕಚ್ಚಾಮಾಲಿನ ತೆರಿಗೆ ದರ ಇಳಿಸದೆ ಕೊಟ್ಟ ಈ ವಿನಾಯಿತಿ ಅರ್ಧ ಕೆಲಸವೇ ಸರಿ. ಹಾಗಾಗಿ ಬೆಲೆ ನಿಗದಿ ಮಾಡುವಾಗ ಸಾಮಾನಿನ ಮೂಲ ದರವನ್ನಲ್ಲ, ತೆರಿಗೆ ಸೇರಿದ ಬಿಲ್ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಿರಿ. ರಫ್ತಿಗೆ ಮಾತ್ರ ಕ್ರೆಡಿಟ್ ಉಂಟು.

ಪ್ಯಾಡ್ ಮಾತ್ರ ಮಾರುತ್ತಿದ್ದರೆ ವಹಿವಾಟು ಎಷ್ಟೇ ಇರಲಿ, ನೋಂದಣಿ ಬೇಡ. ಜೊತೆಗೆ ಹ್ಯಾಂಡ್‌ವಾಶ್ ಮಾರಲು ಶುರು ಮಾಡಿದಿರೋ, ಲೆಕ್ಕ ಬದಲಾಗುತ್ತದೆ: ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು, ಆ ಮಿತಿಗೆ ಪ್ಯಾಡ್ ಮಾರಾಟವೂ ಸೇರುತ್ತದೆ. ಇಲ್ಲಿ ಎಡವುವವರೇ ಹೆಚ್ಚು.

ಪ್ರಶ್ನೆ: ನನ್ನದು ನೋಂದಾಯಿತ ಅಂಗಡಿ. ಹಾಸ್ಟೆಲ್‌ಗಳಿಗೆ ಪ್ಯಾಡ್, ಸೋಪು, ಟೂತ್‌ಪೇಸ್ಟ್, ಹ್ಯಾಂಡ್‌ವಾಶ್ ಇರುವ 200 ರೂಪಾಯಿಯ ಕಿಟ್ ಕೊಡುತ್ತೇನೆ. ತೆರಿಗೆ ಹೇಗೆ ಹಾಕಬೇಕು?

ಉತ್ತರ: ಎಲ್ಲ ಸೇರಿಸಿ ಒಂದೇ ಬೆಲೆ ಹಾಕಿದರೆ ಅದು ಮಿಶ್ರ ಪೂರೈಕೆ. ಅದರೊಳಗೆ ಯಾವುದರ ದರ ಹೆಚ್ಚೋ ಅದೇ ಇಡೀ ಕಿಟ್‌ಗೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಪಿನ ಬಿಲ್ಲೆ, ಟೂತ್‌ಪೇಸ್ಟ್ ಶೇ 5ಕ್ಕೆ ಇಳಿದಿವೆ. ದ್ರವ ರೂಪದ ಹ್ಯಾಂಡ್‌ವಾಶ್ ಶೇ 18ರಲ್ಲೇ ಇದೆ. ಅಲ್ಲಿಗೆ ತೆರಿಗೆಗೆ ಮುಂಚಿನ 200 ರೂಪಾಯಿಯ ಮೇಲೆ 36 ರೂಪಾಯಿ. ಪ್ಯಾಡ್ ಕೂಡ ಶೇ 18ರ ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ!

ಅದೇ ಸಾಮಾನನ್ನು ಬಿಡಿಬಿಡಿಯಾಗಿ ಬೆಲೆ ಹಾಕಿ ಮಾರಿ ನೋಡಿ. ಪ್ಯಾಡ್ 80ಕ್ಕೆ ತೆರಿಗೆ ಇಲ್ಲ, ಸೋಪು 40ಕ್ಕೆ 2, ಪೇಸ್ಟ್ 30ಕ್ಕೆ 1.50, ಹ್ಯಾಂಡ್‌ವಾಶ್ 50ಕ್ಕೆ 9. ಒಟ್ಟು 12.50. ಬಿಲ್‌ನಲ್ಲಿ ನಾಲ್ಕು ಸಾಲು ಬರೆದು ಕೆಳಗೆ ಒಂದೇ ಬೆಲೆ ನಮೂದಿಸಿದರೆ ಸಾಲದು. ಪ್ರತಿ ವಸ್ತುವಿಗೂ ಅದರದೇ ಬೆಲೆ ಇರಬೇಕು, ಗ್ರಾಹಕರು ಬೇಕಾದ್ದನ್ನಷ್ಟೇ ಕೊಳ್ಳುವಂತಿರಬೇಕು. ಟೆಂಡರ್‌ನಲ್ಲಿ ‘ಕಿಟ್ ಒಂದಕ್ಕೆ ಇಷ್ಟು’ ಎಂದೇ ದರ ಕೇಳಿದ್ದರೆ ಶೇ 18 ಹಿಡಿದೇ ದರ ಕೊಡಿ, ಇಲ್ಲವಾದರೆ ವ್ಯತ್ಯಾಸ ನಿಮ್ಮ ಕೈಯಿಂದ ಹೋಗುತ್ತದೆ. ಅಂಗಡಿ ಬಾಡಿಗೆಯಂಥ ಸಾಮಾನ್ಯ ಖರ್ಚಿನ ಕ್ರೆಡಿಟ್‌ನಲ್ಲಿ ಪ್ಯಾಡ್ ಮಾರಾಟದ ಪಾಲಿನಷ್ಟನ್ನು ಪ್ರತಿ ಬಾರಿ ಬಿಟ್ಟುಕೊಡಬೇಕು. ಇದನ್ನು ಮರೆತರೆ ಬಡ್ಡಿ ಬೀಳಬಹುದು.

ಪ್ರಶ್ನೆ: ಪ್ಯಾಡ್ ಕೊಂಡಾಗ ಬಿಲ್‌ನಲ್ಲಿ ಶೇ 5 ಜಿಎಸ್‌ಟಿ ಹಾಕಿದ್ದಾರೆ. ಸರಿಯೇ?

ಉತ್ತರ: ತಪ್ಪು. ಮಗುವಿನ ಡೈಪರ್‌ಗೆ ಶೇ 5 ಇದೆ. ಸರಕುಗಳನ್ನು ವಿಂಗಡಿಸುವ ಎಚ್‌ಎಸ್‌ಎನ್ ಕೋಡ್‌ನಲ್ಲಿ ಎರಡೂ 9619 ಸಂಖ್ಯೆಯ ಕೆಳಗೇ ಬರುವುದರಿಂದ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹೀಗೆ ಬೆರಕೆಯಾಗಿರಬಹುದು. ಬಿಲ್ ತೋರಿಸಿ ಹಣ ವಾಪಸ್ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.