ಹಂದಿ ಹಾರಲಿ, ಆಕಳು ಮಾತ್ರ ಕದಲಲ್ಲ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ರಾಕ್ ಸಂಗೀತದ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಒಳ್ಳೆಯ, ಕೆಟ್ಟ ಆಲ್ಬಂ ಮುಖಪುಟಗಳ ಪಟ್ಟಿ ಕೊಟ್ಟಿದ್ದೀರಿ. ಒಂದು ಆಕಳ ಫೋಟೊ ಮೊದಲನೆಯದು! ಆಕಳು ನೋಡೋಕೆ ದುಡ್ಡು ಕೊಡಬೇಕಾ? ನಮ್ಮಲ್ಲಿ ರಸ್ತೆ ತುಂಬ ಅವೇ ಮಲಗಿರುತ್ತವೆ. ಕರೆಂಟು ತಯಾರಿಸುವ ಸ್ಥಾವರದ ಮೇಲೆ ಹಂದಿ ಹಾರಿಸಿದ ‘ಅನಿಮಲ್ಸ್’ ಮಾತ್ರ ನಾಲ್ಕನೆಯದು. ಸಮುದ್ರದ ದಡದಲ್ಲಿ ನಿಜವಾಗಿ ಮಂಚ ಹಾಕಿದರು ಅಂತ ಹೊಗಳುವ ನೀವು, ನಿಜವಾಗಿ ಹಂದಿ ಹಾರಿಸಿದವರಿಗೆ ಅಂಕ ಕಡಿಮೆ ಮಾಡಿದ್ದು ಯಾಕೆ? ‘ಮೆಡಲ್’ ಕೆಟ್ಟದ್ದು ಅಂದಿದ್ದಂತೂ ಅನ್ಯಾಯ.
– ಒಬ್ಬ ಓದುಗ, ಶಕ್ತಿನಗರ, ರಾಯಚೂರು ಜಿಲ್ಲೆ

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದಾಗ ಆಫೀಸಿನಲ್ಲಿ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದೆವು. ಜೋರಾಗಿ ಓದಿದೆ. ನಮ್ಮ ಪುಟ ವಿನ್ಯಾಸದ ಹುಡುಗ ತಕ್ಷಣ ನಿಮ್ಮ ಕಡೆ ಸೇರಿಕೊಂಡ. ಹಾಗಾಗಿ ಈ ಉತ್ತರ ನಿಮಗೊಬ್ಬರಿಗೇ ಅಲ್ಲ, ಅವನಿಗೂ ಸೇರಿ.

ಹಂದಿಯಿಂದಲೇ ಶುರು ಮಾಡೋಣ. ಬೆಳಗಾದರೆ ಚಿಮಣಿ ನೋಡುವವರು ನೀವು. ನಿಮಗೆ ಆ ಮುಖಪುಟ ಮನೆಯ ಫೋಟೊ ಇದ್ದ ಹಾಗೆ. ಅಲ್ಲಿ ಲಂಡನ್ನಿನ ಥೇಮ್ಸ್ ನದಿ ದಡದ ಕರೆಂಟು ಸ್ಥಾವರ ಬ್ಯಾಟರ್‌ಸೀ, ಇಲ್ಲಿ ಕೃಷ್ಣೆಯ ದಡದ ನಿಮ್ಮ ಸ್ಥಾವರ. ಅದು 1983ರಲ್ಲಿ ನಿಂತುಹೋಯಿತು, ನಿಮ್ಮದರ ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಬ್ಯಾಟರ್‌ಸೀ ಒಳಗೆ ಅಂಗಡಿ, ಆಫೀಸು, ಫ್ಲ್ಯಾಟು. ನಾಲ್ಕು ಚಿಮಣಿಗಳನ್ನು ಮಾತ್ರ ಕೆಡವಿ, ಮೊದಲಿದ್ದ ಹಾಗೇ ಮತ್ತೆ ಕಟ್ಟಿದ್ದಾರೆ.

ಹಂದಿ ಹಾರಿದ್ದು ನಿಜ. 1976ರ ಡಿಸೆಂಬರ್‌ನಲ್ಲಿ ಸುಮಾರು ನಲವತ್ತು ಅಡಿಯ ಬಲೂನು ಹಂದಿಗೆ ಹೀಲಿಯಂ ಅನಿಲ ತುಂಬಿಸಿ ಚಿಮಣಿಗಳ ನಡುವೆ ಕಟ್ಟಿದರು. ಮೊದಲ ದಿನ ಆಕಾಶ ತುಂಬ ಮೋಡ, ಅದ್ಭುತ ಬೆಳಕು. ಆದರೆ ಹಂದಿ ಮೇಲೇಳಲೇ ಇಲ್ಲ. ತಪ್ಪಿಸಿಕೊಂಡರೆ ಹೊಡೆದು ಬೀಳಿಸಲಿ ಅಂತ ಅವತ್ತು ಒಬ್ಬ ಬಂದೂಕುಗಾರನನ್ನೂ ಕರೆಸಿದ್ದರು. ಎರಡನೆಯ ದಿನ ಅವನನ್ನು ಕರೆಯಲು ಮರೆತರು. ಅವತ್ತೇ ಹಂದಿ ಹಗ್ಗ ಕಿತ್ತುಕೊಂಡಿತು! ಹೀತ್ರೂ ವಿಮಾನ ನಿಲ್ದಾಣದವರಿಗೆ ತಲೆನೋವಾಯಿತು. ಕೊನೆಗೆ ಕೆಂಟ್‌ನ ಒಂದು ಹೊಲದಲ್ಲಿ ಇಳಿಯಿತು. ನನ್ನ ಆಕಳೆಲ್ಲ ಬೆದರಿದವು ಅಂತ ಆ ರೈತ ರೇಗಾಡಿದನಂತೆ. ನೋಡಿ, ಅಲ್ಲೂ ಆಕಳು ಬಂತು.

ಮೂರನೆಯ ದಿನ ಹಂದಿ ಹೇಳಿದ ಮಾತು ಕೇಳಿತು. ಆದರೆ ಆಕಾಶ ಬರೀ ನೀಲಿ, ಸಪ್ಪೆ. ಆಗ ಮಾಡಿದ್ದೇನು? ಮೊದಲ ದಿನದ ಆಕಾಶಕ್ಕೆ ಮೂರನೆಯ ದಿನದ ಹಂದಿಯನ್ನು ಅಂಟಿಸಿದರು. ಮುಖಪುಟದಲ್ಲಿ ನೀವು ನೋಡುವುದು ಎಂದೂ ಆಗದ ಒಂದು ಗಳಿಗೆ. ನಾನು ಅಂಕ ಕಡಿಮೆ ಮಾಡಿದ್ದು ಅದಕ್ಕೇ.

ಮಂಚಗಳ ಕತೆ ಬೇರೆ. 1987ರ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ಗೆ ಡೆವನ್‌ನ ಸಮುದ್ರ ದಂಡೆಗೆ ಏಳುನೂರು ಆಸ್ಪತ್ರೆ ಮಂಚ ಸಾಗಿಸಿದರು. ಒಂದೊಂದಕ್ಕೂ ಹಾಸಿಗೆ ಹಾಸಿದರು. ಮಳೆ ಬಂತು. ಎಲ್ಲ ಎತ್ತಿಕೊಂಡು ಹೋದರು. ಎರಡು ವಾರ ಬಿಟ್ಟು ಮತ್ತೆ ಅಷ್ಟನ್ನೂ ತಂದು ಜೋಡಿಸಿದರು. ಜಾತ್ರೆಗೆ ಪೆಂಡಾಲು ಹಾಕುವವರಿಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ.

ಎರಡನೆಯ ಸ್ಥಾನದ ‘ಡಾರ್ಕ್ ಸೈಡ್ ಆಫ್ ದ ಮೂನ್’ ಬಗ್ಗೆ ನೀವು ಏನೂ ಅಂದಿಲ್ಲ. ಆದರೂ ಒಂದು ಮಾತು ಹೇಳಬೇಕು. ನನಗೆ ಅದು ಮೊದಲು ಸಿಕ್ಕಿದ್ದು ಕ್ಯಾಸೆಟ್ಟಿನಲ್ಲಿ. ಬಳ್ಳಾರಿಯ ಒಂದು ರೆಕಾರ್ಡಿಂಗ್ ಅಂಗಡಿಯವರು ತುಂಬಿಸಿ ಕೊಟ್ಟಿದ್ದು. ಹನ್ನೆರಡು ಇಂಚಿನ ಮುಖಪುಟ ಬೆಂಕಿಪೊಟ್ಟಣ ಎರಡು ಜೋಡಿಸಿದಷ್ಟಾಗಿತ್ತು. ಅದೂ ಕಪ್ಪುಬಿಳುಪು ಜೆರಾಕ್ಸ್. ತ್ರಿಕೋನದ ಗಾಜಿನಿಂದ, ಅಂದರೆ ಪ್ರಿಸಂನಿಂದ, ಹೊರಗೆ ಬರುವ ಬಣ್ಣಗಳೆಲ್ಲ ಬೂದಿ. ಸ್ಕೆಚ್ ಪೆನ್ ತಂದು, ಉಸಿರು ಬಿಗಿಹಿಡಿದು, ಏಳು ಬಣ್ಣ ತುಂಬಿದೆ. ಮೇಷ್ಟ್ರು ಕಾಮನಬಿಲ್ಲಿಗೆ ಏಳು ಅಂತಲೇ ಕಲಿಸಿದ್ದರಲ್ವಾ? ಜಾಗ ಸಾಲದೆ ಕೊನೆಯದು ಹೊರಗೆ ಚೆಲ್ಲಿತ್ತು. ಎಷ್ಟೋ ವರ್ಷದ ಮೇಲೆ ಅಸಲಿ ನೋಡಿದರೆ ಆರೇ ಬಣ್ಣ! 1973ರಲ್ಲಿ ಅದನ್ನು ಬರೆದ ಜಾರ್ಜ್ ಹಾರ್ಡಿ ನೀಲಿಗೂ ನೇರಳೆಗೂ ನಡುವಿನ ಇಂಡಿಗೋ ಬಿಟ್ಟಿದ್ದರು. ಆ ಕ್ಯಾಸೆಟ್ ಈಗ ಹಾಡುವುದಿಲ್ಲ. ಡಬ್ಬಿ ಮಾತ್ರ ನನ್ನ ಮೇಜಿನ ಮೇಲಿದೆ, ಏಳು ಬಣ್ಣದ್ದೇ.

ಮೂರನೆಯದು ‘ವಿಶ್ ಯು ವರ್ ಹಿಯರ್’. ಉರಿಯುತ್ತಿರುವ ಮನುಷ್ಯ ಕೈಕುಲುಕುತ್ತಾನೆ. ಬೆಂಕಿ ನಿಜದ್ದು, ಗಾಳಿ ತಿರುಗಿ ಸ್ಟಂಟ್‌ಮನ್ ಮುಖಕ್ಕೇ ಬಡಿಯಿತು. ಅದರ ಬಗ್ಗೆ ತಕರಾರು ಯಾರದ್ದೂ ಇಲ್ಲ.

ಇನ್ನು ‘ಮೆಡಲ್’. ಕ್ಷಮಿಸಿ, ಇಲ್ಲಿ ನಾನು ಸೋಲಲ್ಲ. ಅದು ನೀರೊಳಗಿನ ಕಿವಿಯ ಫೋಟೊ. ನಮ್ಮ ಆಫೀಸಿನಲ್ಲಿ ಐದು ಜನರಿಗೆ ತೋರಿಸಿದೆ. ಒಬ್ಬರು ಶಂಖ ಅಂದರು, ಒಬ್ಬರು ಹಂದಿಯ ಮೂತಿ ಅಂದರು. ಕಿವಿ ಅಂತ ಯಾರೂ ಅನ್ನಲಿಲ್ಲ. ಮುಖಪುಟ ಮಾಡಿಸಿದ ಸ್ಟಾರ್ಮ್ ಥಾರ್ಗರ್ಸನ್ ಮೊದಲು ಬಬೂನ್ ಕೋತಿಯ ಹಿಂಭಾಗದ ಫೋಟೊ ಹಾಕೋಣ ಅಂದಿದ್ದರು. ಬ್ಯಾಂಡಿನವರು ಜಪಾನ್ ಪ್ರವಾಸದಲ್ಲಿದ್ದರು. ಬೇಡ, ನೀರಲ್ಲಿ ಕಿವಿ ಇರಲಿ ಅಂತ ಫೋನಿನಲ್ಲೇ ಹೇಳಿ ಮುಗಿಸಿದರು. ಫೋನಿನಲ್ಲಿ ಹೇಳಿ ಮಾಡಿಸಿದ ಮುಖಪುಟ ಹೀಗೇ ಆಗುತ್ತದೆ, ಇದು ನನ್ನ ಸ್ವಂತ ಅನುಭವ ಕೂಡ. ಆಮೇಲೆ ಥಾರ್ಗರ್ಸನ್ ಅವರಿಗೇ ಅದು ಇಷ್ಟವಾಗಲಿಲ್ಲ. ಹಾಡುಗಳು ಬಂಗಾರ, ಅದು ಬೇರೆ ಮಾತು.

ಕೊನೆಗೆ ಆಕಳು. 1970ರ ‘ಆಟಮ್ ಹಾರ್ಟ್ ಮದರ್’. ಥಾರ್ಗರ್ಸನ್ ಲಂಡನ್ನಿನ ಉತ್ತರಕ್ಕೆ ಕಾರು ಓಡಿಸಿಕೊಂಡು ಹೋಗಿ, ಮೊದಲು ಕಣ್ಣಿಗೆ ಬಿದ್ದ ಆಕಳ ಫೋಟೊ ತೆಗೆದರು. ಅಷ್ಟೇ. ಬ್ಯಾಂಡಿನ ಹೆಸರಿಲ್ಲ, ಆಲ್ಬಂ ಹೆಸರಿಲ್ಲ. ಆಕಳು ತಿರುಗಿ ನೋಡುತ್ತಿದೆ, ‘ಏನಪ್ಪಾ ನಿಂದು’ ಅನ್ನುವ ಹಾಗೆ. ಇಂಗ್ಲೆಂಡಿನ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೆ ಹೋದ ಅವರ ಮೊದಲ ಆಲ್ಬಂ ಅದೇ. ಬಣ್ಣ, ಬೆಳಕು, ಮಾಯಾಲೋಕ ಅಂತ ಎಲ್ಲ ಬ್ಯಾಂಡುಗಳೂ ಹರಿದಾಡುತ್ತಿದ್ದ ಕಾಲ ಅದು. ಆಗ ಸುಮ್ನೆ ಒಂದು ಆಕಳನ್ನು ನಿಲ್ಲಿಸೋಕೆ ಎದೆಗಾರಿಕೆ ಬೇಕು.

ರಸ್ತೆಯ ತುಂಬ ಆಕಳಿವೆ ಅಂದಿರಿ. ನಿಜ. ಬಳ್ಳಾರಿ ಕಡೆ ಬಂದರೆ ಸಂಗನಕಲ್ಲು ಹತ್ತಿರದ ಕಪ್ಪಗಲ್ಲು ಗುಡ್ಡ ಹತ್ತಿ. ಹೊಸ ಶಿಲಾಯುಗದ ಜನ ಕರಿಬಂಡೆ ಮೇಲೆ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಬಹುಪಾಲು ಉದ್ದ ಕೊಂಬಿನ, ಡುಬ್ಬದ ದನಗಳೇ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ಠಣ್ ಅನ್ನುತ್ತವೆ. ರಾಕ್ ಅಂದರೆ ಕಲ್ಲು ತಾನೇ? ಅವರಿಗೂ ರಸ್ತೆ ತುಂಬ ದನ ಇದ್ದವು. ಆದರೂ ಬರೆದರು, ಹೆಸರು ಹಾಕಲಿಲ್ಲ.

ಆದರೂ ನಿಮ್ಮ ಪತ್ರದಲ್ಲಿ ನ್ಯಾಯವಿದೆ. ಅಷ್ಟು ಒಳ್ಳೆಯ ಆಕಾಶ ಸಿಕ್ಕಿ, ಹಂದಿ ಮೂರನೆಯ ದಿನ ಬಂದಿದ್ದರೆ ನಾನೂ ಅಂಟಿಸುತ್ತಿದ್ದೆ. ಹಂದಿ ಎರಡಕ್ಕೆ ಏರಲಿ. ಪ್ರಿಸಂ ಮೂರಕ್ಕೆ ಇಳಿಯಲಿ. ಊರೆಲ್ಲ ಟೀಶರ್ಟಿನ ಮೇಲೆ ಅದೇ ಇರುವಾಗ ಅದಕ್ಕೇನು ಕಡಿಮೆ? ಉರಿಯುವ ಮನುಷ್ಯ ನಾಲ್ಕಕ್ಕೆ. ಪುಟ ವಿನ್ಯಾಸದ ಹುಡುಗನಿಗೂ ಇದು ಒಪ್ಪಿಗೆಯಾಗಿದೆ. ಆಕಳು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಎಷ್ಟು ಹಾರ್ನ್ ಹೊಡೆದರೂ ಅಷ್ಟೇ, ನಿಮ್ಮೂರಿನ ರಸ್ತೆಯಲ್ಲಿ ಇದ್ದ ಹಾಗೆ.