ಅತ್ತೆಯನ್ನು ಬಿಟ್ಟು ಅಂಡಮಾನಿಗೆ

ಪ್ರಶ್ನೆ: ನನಗೆ 39 ವರ್ಷ, ಶಿವಮೊಗ್ಗದಲ್ಲಿ ಶಾಲಾ ಶಿಕ್ಷಕಿ. ಮದುವೆಯಾಗಿ 14 ವರ್ಷವಾಯಿತು. ನಾನು, ಗಂಡ, ಇಬ್ಬರು ಮಕ್ಕಳು, ನಾವು ನಾಲ್ವರೇ ಎಲ್ಲಿಗೂ ಹೋದದ್ದಿಲ್ಲ. ಎರಡು ವರ್ಷ ಚೀಟಿ ಕಟ್ಟಿ, ಬರುವ ಜನವರಿಯಲ್ಲಿ ಆರು ದಿನ ಅಂಡಮಾನಿಗೆ ಹೋಗಬೇಕೆಂದುಕೊಂಡಿದ್ದೇವೆ. ಟಿಕೆಟ್ ಇನ್ನೂ ತೆಗೆದಿಲ್ಲ. ಜೊತೆಯಲ್ಲಿರುವ ಅತ್ತೆಗೆ 71, ಎರಡೂ ಮಂಡಿಗಳಲ್ಲಿ ನೋವು. ನನಗೆ ತರಬೇತಿ ಇದೆ, ಮಕ್ಕಳನ್ನೂ ಕರೆದೊಯ್ಯುತ್ತಿದ್ದೇವೆ ಎಂದು ಅವರಿಗೆ ಹೇಳಿ, ದಾವಣಗೆರೆಯ ಮೈದುನನ ಮನೆಯಲ್ಲಿ ಬಿಟ್ಟು ಹೋಗೋಣ ಎನ್ನುತ್ತಾರೆ ಗಂಡ. ಮೊನ್ನೆ ಮಗ ಭೂಪಟ ಹರಡಿಕೊಂಡು ಅಜ್ಜಿಗೆ ದ್ವೀಪ ತೋರಿಸುತ್ತಿದ್ದ. ಅವರು, ‘ನಾನು ಸಮುದ್ರ ನೋಡಿದ್ದು ಒಂದೇ ಸಲ ಕಣೋ, ನಿನ್ನ ಅಜ್ಜನ ಅಸ್ಥಿ ಬಿಡಲು ಗೋಕರ್ಣಕ್ಕೆ ಹೋದಾಗ’ ಎಂದರು. ಅಂದಿನಿಂದ ನನಗೆ ನಿದ್ರೆಯಿಲ್ಲ. ನಾನು ಸ್ವಾರ್ಥಿಯೇ?

ಉತ್ತರ: ಖಂಡಿತ ಅಲ್ಲ. ಎರಡು ವರ್ಷ ಕೂಡಿಟ್ಟ ಹಣದಲ್ಲಿ ಗಂಡ, ಮಕ್ಕಳ ಜೊತೆ ಆರು ದಿನ ಬೇಕೆಂದು ಆಸೆಪಟ್ಟರೆ ಅದರಲ್ಲಿ ತಪ್ಪೇನಿದೆ? ಹೋಗಿ ಬನ್ನಿ, ನಾಲ್ವರೇ ಹೋಗಿ ಬನ್ನಿ. ಆದರೆ ತರಬೇತಿಯ ಆ ಕಥೆಯನ್ನು ಇವತ್ತೇ ಕೈಬಿಡಿ. ನಿಮ್ಮ ನಿದ್ರೆ ಕೆಡಿಸಿರುವುದು ಅದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಜ್ಜಿಯ ಮುಂದೆ ಭೂಪಟ ಹರಡಿದ ಹುಡುಗನ ಬಾಯನ್ನು ಹೇಗೆ ಕಟ್ಟುತ್ತೀರಿ? ಆರು ದಿನ ಉಪ್ಪುನೀರಿನಲ್ಲಿ ಆಡಿದ ಮಕ್ಕಳು ಮೈಯೆಲ್ಲ ಕಂದಿಸಿಕೊಂಡು ಬರುತ್ತಾರೆ. ಚಪ್ಪಲಿಯ ಸಂದಿಯಲ್ಲಿ, ಚಡ್ಡಿಯ ಜೇಬಿನ ಹೊಲಿಗೆಯಲ್ಲಿ ಮರಳು ಉಳಿದಿರುತ್ತದೆ. ಬಟ್ಟೆ ನೆನೆಸುವ ಮುಂಚೆ ಜೇಬು ಹೊರಳಿಸಿ ನೋಡುವವರು ನಿಮ್ಮ ಮನೆಯಲ್ಲಿ ಯಾರು? ಬಹಳಷ್ಟು ಮನೆಗಳಲ್ಲಿ ಅಜ್ಜಿಯೇ. ಆ ಮರಳು ಅಂಗೈಗೆ ಉದುರಿದ ಗಳಿಗೆಯನ್ನು ಒಮ್ಮೆ ಯೋಚಿಸಿ. ಬಿಟ್ಟು ಹೋದದ್ದನ್ನು ಅವರು ಮರೆತಾರು. ಮೊಮ್ಮಕ್ಕಳ ಬಾಯಲ್ಲೂ ಸುಳ್ಳು ಆಡಿಸಿದ್ದನ್ನು ಮರೆಯಲಾರರು.

ಆದ್ದರಿಂದ ನಿಜ ಹೇಳಿ. ಹೇಳಬೇಕಾದವರು ನಿಮ್ಮ ಗಂಡ. ಅವರ ತಾಯಿ, ಅವರೇ ಎದುರು ಕೂತು ಮಾತನಾಡಲಿ. ನೀವು ಹೇಳಿದರೆ ಅದು ಸೊಸೆಯ ತೀರ್ಮಾನವಾಗಿ ಊರೆಲ್ಲ ಸುತ್ತುತ್ತದೆ. ಆ ಹೊರೆ ನಿಮಗೆ ಬೇಡ.

ಇನ್ನೊಂದು ಮಾತು. ಕರೆದುಕೊಂಡು ಹೋಗುವ ಮನಸ್ಸಿಲ್ಲದೆ ‘ನೀನೂ ಬರುತ್ತೀಯೇನಮ್ಮಾ’ ಎಂದು ಬಾಯಿಮಾತಿಗೆ ಕೇಳಬೇಡಿ. ‘ನನ್ನಿಂದ ಎಲ್ಲಿ ಆಗುತ್ತದೆ, ನೀವು ಹೋಗಿ ಬನ್ನಿ’ ಎಂದೇ ಅವರು ಹೇಳುವುದು. ಆಮೇಲೆ ‘ಅವರೇ ಬೇಡವೆಂದರು’ ಎಂದು ನೀವು ಸಮಾಧಾನ ಮಾಡಿಕೊಳ್ಳುತ್ತೀರಿ. ಆ ತಾಯಿಗೆ ನಿಮ್ಮ ಲೆಕ್ಕ ಅರ್ಥವಾಗದೆ ಇರುವುದಿಲ್ಲ.

ಹಾಗೆಂದು 71ರ ಮಂಡಿಗಳಿಗೆ ಅಂಡಮಾನ್ ಅಸಾಧ್ಯವೇನಲ್ಲ. ಮೊದಲೇ ತಿಳಿಸಿದರೆ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಸಿಗುತ್ತದೆ. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ, ಅಂದರೆ ಈಗಿನ ಸ್ವರಾಜ್ ದ್ವೀಪಕ್ಕೆ, ಹಡಗಿನಲ್ಲಿ ಎರಡು ಗಂಟೆಯ ಆಸುಪಾಸು. ಕೂತೇ ಹೋಗಬಹುದು. ರಾಧಾನಗರ ಕಡಲತೀರದ ಹತ್ತಿರದವರೆಗೂ ವಾಹನ ಹೋಗುತ್ತದೆ. ಆದರೆ ನೀಲ್ ದ್ವೀಪದ ಕಲ್ಲಿನ ಕಮಾನು ನೋಡಬೇಕೆಂದರೆ ಇಳಿತದ ಹೊತ್ತಿನಲ್ಲಿ ಜಾರುವ ಬಂಡೆಗಳ ಮೇಲೆ ನಡೆಯಬೇಕು. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗೆ ನಸುಕಿನಲ್ಲೇ ಹೊರಟು, ಜಾರವಾ ಜನರ ಕಾಡಿನ ನಡುವೆ ವಾಹನಗಳ ಸಾಲಿನಲ್ಲಿ ಸಾಗಿ, ದೋಣಿ ಹತ್ತಿ, ಮತ್ತೆ ನಡೆಯಬೇಕು. ಅತ್ತೆ ಜೊತೆಗಿದ್ದರೆ ಇವೆರಡನ್ನೂ ಬಿಡಬೇಕಾಗುತ್ತದೆ. ಮಕ್ಕಳು ಮುಖ ಊದಿಸುತ್ತಾರೆ, ಅವರು ‘ನನ್ನಿಂದಾಗಿ’ ಎಂದು ಕೊರಗುತ್ತಾರೆ. ಎಲ್ಲವನ್ನೂ ಅವರ ನಡಿಗೆಗೆ ತಕ್ಕಂತೆ ಹೊಂದಿಸಲು ನೀವಿಬ್ಬರೂ ಮನಸಾರೆ ಸಿದ್ಧರಿದ್ದರೆ ಐದು ಟಿಕೆಟ್ ತೆಗೆಯಿರಿ. ಅರೆಮನಸ್ಸಿದ್ದರೆ ಬೇಡ.

ಈಗ ಗೋಕರ್ಣದ ಆ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಅದನ್ನೇ. ನೀವು ಅದನ್ನು ದೂರು ಎಂದುಕೊಂಡಿರಿ. ನನಗದು ಆಸೆಯ ಹಾಗೆ ಕೇಳಿಸಿತು. ಸಮುದ್ರವೆಂದರೆ ಅವರ ಕಣ್ಣ ಮುಂದೆ ಬರುವುದು ಮಡಕೆ, ಪುರೋಹಿತರು, ಒದ್ದೆ ಸೀರೆ. ಅಲೆ ನೋಡುತ್ತ ಸುಮ್ಮನೆ ಕೂರುವ ಭಾಗ್ಯ ಅವರಿಗೆ ಇನ್ನೂ ಸಿಕ್ಕಿಲ್ಲ. ಅದಕ್ಕೆ ಅಂಡಮಾನೇ ಆಗಬೇಕಿಲ್ಲ. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದರೆ ಉಡುಪಿ, ಅಲ್ಲಿಂದ ಮಲ್ಪೆ ಹತ್ತಿರದಲ್ಲೇ ಇದೆ. ಗೋಕರ್ಣಕ್ಕೆ ಮಾತ್ರ ಹೋಗಬೇಡಿ. ಜನವರಿಯ ಪ್ರವಾಸಕ್ಕಿಂತ ಮುಂಚೆ, ನವೆಂಬರ್‌ನಲ್ಲೇ ಹೋಗಿ. ನೀವು ತಿರುಗಾಡಿ ಬಂದ ಮೇಲೆ ಕರೆದೊಯ್ದರೆ ಅದು ಪರಿಹಾರ ಕೊಟ್ಟಂತೆ ಕಾಣುತ್ತದೆ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳಿವೆ. ಲಾವಾ ತಣ್ಣಗಾಗಿ ಕಂಬಕಂಬವಾಗಿ ನಿಂತ ಕಲ್ಲುಗಳನ್ನು ಮಕ್ಕಳು ನೋಡಲೇಬೇಕು. ದೋಣಿ ಹತ್ತಿ ಇಳಿಯುವುದು ಅತ್ತೆಗೆ ಕಷ್ಟವಾದೀತು, ಮಕ್ಕಳನ್ನು ಅವರಪ್ಪ ಕರೆದೊಯ್ಯಲಿ. ನೀವು ಒಂದು ಕುರ್ಚಿ ತರಿಸಿ, ಅಲೆ ಬಂದು ಪಾದ ನೆನೆಯುವಷ್ಟು ಹತ್ತಿರ ಅತ್ತೆಯನ್ನು ಕೂರಿಸಿ ಪಕ್ಕದಲ್ಲಿ ಕೂತುಕೊಳ್ಳಿ. ಮಾವನವರ ಬಗ್ಗೆ ಮಾತು ತೆಗೆದರೆ ಕೇಳಿಸಿಕೊಳ್ಳಿ. ಮಾತನಾಡದೆ ಇದ್ದರೆ ನೀವೂ ಸುಮ್ಮನಿರಿ.

ದಾವಣಗೆರೆಯ ವಿಷಯವನ್ನೂ ನೀವೇ ತೀರ್ಮಾನಿಸಬೇಡಿ. ವಯಸ್ಸಾದವರನ್ನು ಸಾಮಾನಿನಂತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಮ್ಮ ಹಾಸಿಗೆ, ತಮ್ಮ ದೇವರಕೋಣೆ ಬಿಟ್ಟು ಹೋಗಲು ಅವರಿಗೆ ಇಷ್ಟವಿಲ್ಲದಿರಬಹುದು. ಮೈದುನನೇ ಆರು ದಿನ ಬಂದು ಇಲ್ಲಿ ಇರಬಾರದೇಕೆ? ಇದನ್ನು ಮಾತ್ರ ಅವರನ್ನೇ ಕೇಳಿ, ಅವರು ಹೇಳಿದಂತೆ ನಡೆದುಕೊಳ್ಳಿ.

ಅಜ್ಜಿಗೆಂದು ಹವಳದ ಚೂರು ಆರಿಸಿ ತರಲು ಮಕ್ಕಳು ಹಟ ಹಿಡಿದಾರು. ಅದಕ್ಕೆ ಕಾನೂನಿನ ಅಡ್ಡಿಯಿದೆ, ಈಗಲೇ ತಿಳಿಸಿ ಹೇಳಿ. ಬದಲಿಗೆ ಸಂಜೆ ಅಜ್ಜಿಗೆ ಕರೆ ಮಾಡಲಿ. ಚೆನ್ನೈನಿಂದ ಕಡಲಡಿಯಲ್ಲಿ ಎಳೆದ ಕೇಬಲ್ 2020ರಲ್ಲಿ ಅಂಡಮಾನನ್ನು ಮುಟ್ಟಿದ ಮೇಲೆ ಅಲ್ಲಿ ಮೊಬೈಲ್ ಸಂಪರ್ಕ ಎಷ್ಟೋ ಸುಧಾರಿಸಿದೆ. ಗಡಿಯಾರ ಎರಡೂ ಕಡೆ ಒಂದೇ ಆದರೂ ಅಂಡಮಾನ್ ಬಹಳ ಪೂರ್ವಕ್ಕಿರುವುದರಿಂದ ಅಲ್ಲಿ ಒಂದು ಗಂಟೆಗೂ ಹೆಚ್ಚು ಮುಂಚೆ ಸೂರ್ಯ ಮುಳುಗುತ್ತಾನೆ. ಜನವರಿಯಲ್ಲಿ ಐದೂಕಾಲರ ಹೊತ್ತಿಗೆ ರಾಧಾನಗರದ ನೀರೆಲ್ಲ ಕೆಂಪಾಗುವಾಗ ನಿಮ್ಮ ಜಗಲಿಯ ಮೇಲೆ ಇನ್ನೂ ಬಿಸಿಲಿರುತ್ತದೆ. ವಿಡಿಯೊ ಕರೆ ಎತ್ತುವುದನ್ನು ಮೊಮ್ಮಗ ಅವರಿಗೆ ಈಗಿನಿಂದಲೇ ಕಲಿಸಲಿ.